ಚಂಪಾ ಕೇಟರರ್ಸ್‌ನ ಒಡತಿ

9 ಆಗಸ್ಟ್ 2006, ಬುಧವಾರ

ಇವತ್ತು ನಾನು ಒಂದು ಕಂಪೆನಿಯ ಒಡತಿಯಾದೆ. ಹಾಗೆಂದು ಬರೆದರೆ ನನಗೇ ನಗು ಬರುತ್ತದೆ.

ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ಇವರು ದೀಕ್ಷಿತ್‌ನನ್ನು ಕರೆದುಕೊಂಡು ಮನೆಗೆ ಬಂದರು. ದೀಕ್ಷಿತ್ ಇವರ ತಮ್ಮ. ಹೋಟೆಲಿನ ಹೊರಗಿನ ಓಡಾಟವೆಲ್ಲ ಅವನದೇ. ಚಾಣಕ್ಯಪುರಿಯ ಒಂದು ಎಂಬೆಸಿ ತನ್ನ ನೌಕರರ ಕ್ಯಾಂಟೀನಿಗೆ ಮಧ್ಯಾಹ್ನದ ಊಟ ಒದಗಿಸಲು ಟೆಂಡರ್ ಕರೆದಿದೆಯಂತೆ. ಯುರೋಪಿನ ಮೇಲ್ತುದಿಯ ಚಳಿ ದೇಶ. ಹೆಸರು ಯಾರಲ್ಲೂ ಆಡಬೇಡ ಎಂದು ಇವರು ಹೇಳಿದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ಊಟ ಕೊಳ್ಳುವುದು ಆ ದೇಶದ ಸರ್ಕಾರವೇ ಆದ್ದರಿಂದ ನಿಯಮಗಳೆಲ್ಲ ಅವರವು. ಹೆಂಗಸಿನ ಒಡೆತನದ ಸಂಸ್ಥೆಯಾದರೆ ಅಂಕ ಹೆಚ್ಚಂತೆ. ಅದಕ್ಕೇ ನನ್ನ ಹೆಸರಿನಲ್ಲಿ ‘ಚಂಪಾ ಕೇಟರರ್ಸ್’.

“ನೀವು ಸೈನ್ ಮಾಡಿದ್ರೆ ಸಾಕು ಅತ್ತಿಗೆ, ಉಳಿದದ್ದು ನಾವು ನೋಡಿಕೊಳ್ತೇವೆ” ಎಂದ ದೀಕ್ಷಿತ್.

ಬೇಡವೆನ್ನಲು ಕಾರಣವೇನಿತ್ತು? ಪೀತಮ್‌ಪುರದ ನಮ್ಮ ಹೋಟೆಲು ಇರುವುದು ಮನೆಗಳ ನಡುವೆ. ಈ ವರ್ಷ ದೆಹಲಿಯಲ್ಲೆಲ್ಲ ಸೀಲಿಂಗಿನದೇ ಮಾತು. ವಾಸದ ಬ್ಲಾಕುಗಳಲ್ಲಿರುವ ಅಂಗಡಿಗಳಿಗೆ ಒಂದೊಂದಾಗಿ ಬೀಗ ಜಡಿದು ಮುದ್ರೆ ಒತ್ತಿ ಹೋಗುತ್ತಿದ್ದಾರೆ. ನಮ್ಮ ಬಾಗಿಲಿಗೆ ಯಾವಾಗ ಬರುತ್ತಾರೋ ಎಂದು ಇವರು ಸರಿಯಾಗಿ ನಿದ್ದೆ ಮಾಡದೆ ತಿಂಗಳುಗಳಾದವು. ಉಡುಪಿಯ ಕಡೆಯಿಂದ ಇಲ್ಲಿಗೆ ಬಂದು ತಟ್ಟೆ ತೊಳೆದು ಕಟ್ಟಿದ ಹೋಟೆಲು ಇವರದು. ನನ್ನ ಒಂದು ಸಹಿಯಿಂದ ಇವರ ಮುಖ ಅರಳುವುದಾದರೆ ಅದೇ ದೊಡ್ಡದು.

ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಮಗಳು ಮೋನಿಷಾ ಕಾಲೇಜಿನಿಂದ ಬಂದವಳೇ, “ಮಮ್ಮಿ ಬಿಸಿನೆಸ್‌ವುಮನ್ ಬನ್ ಗಯೀ” ಎಂದು ನನ್ನ ಸುತ್ತ ಒಂದು ಸುತ್ತು ಬಂದಳು.

18 ಆಗಸ್ಟ್, ಶುಕ್ರವಾರ

ಟೆಂಡರ್ ಹಾಕುವವರನ್ನೆಲ್ಲ ಇವತ್ತು ಎಂಬೆಸಿಯವರು ಮಾತಿಗೆ ಕರೆದಿದ್ದರು. ಸಂಸ್ಥೆಯ ಒಡೆಯರೇ ಬರಬೇಕೆಂದು ಷರತ್ತು. ದೀಕ್ಷಿತ್ ಕಾರಿನಲ್ಲಿ ಕರೆದೊಯ್ದ. ಗೇಟಿನ ಕಾವಲಿನವನು ಹೆಸರು ನೋಡಿ ನನ್ನೊಬ್ಬಳನ್ನೇ ಒಳಗೆ ಬಿಟ್ಟ. ದೀಕ್ಷಿತ್ ಎಷ್ಟು ಹೇಳಿದರೂ ಕೇಳಲಿಲ್ಲ.

ಒಳಗೆ ದೊಡ್ಡ ದೊಡ್ಡ ಹೋಟೆಲಿನವರು, ಕೋಟು ಹಾಕಿದವರು. ಸೀರೆ ಉಟ್ಟವರು ಇಬ್ಬರೇ, ನಾನು ಮತ್ತು ಅಲ್ಲಿಯೇ ಕೆಲಸ ಮಾಡುವ ಚಡ್ಢಾ ಮೇಡಮ್. ಖರೀದಿ ವಿಭಾಗದ ಮುಖ್ಯ ಅಧಿಕಾರಿ ಆ ದೇಶದ ಹೆಂಗಸು, ಬೆಳ್ಳಗಿನ ಕೂದಲು, ಮೆಲುದನಿ. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಚಡ್ಢಾ ಮೇಡಮ್ ನನಗಾಗಿ ಹಿಂದಿಯಲ್ಲಿ ಹೇಳುತ್ತಿದ್ದರು. ಕೊನೆಯಲ್ಲಿ ಏನಾದರೂ ಕೇಳುವುದಿದೆಯೇ ಎಂದರು. ಬಾಯಿ ಮುಚ್ಚಿಕೊಂಡು ಇರಬೇಕೆಂದೇ ಹೋಗಿದ್ದೆ. ಆದರೂ ಕೇಳಿಬಿಟ್ಟೆ: ಇಲ್ಲಿ ಉಣ್ಣುವವರಲ್ಲಿ ಮೀನು ಮಾಂಸ ತಿನ್ನದವರು ಹೆಚ್ಚೋ, ತಿನ್ನುವವರು ಹೆಚ್ಚೋ? ಅಧಿಕಾರಿ ನನ್ನ ಕಡೆ ತಿರುಗಿ ಸಾವಕಾಶವಾಗಿ ಉತ್ತರ ಕೊಟ್ಟರು.

ಕಾರಿನಲ್ಲಿ ಇದನ್ನು ಹೇಳಿದ್ದಕ್ಕೆ ದೀಕ್ಷಿತ್‌ಗೆ ಸಿಟ್ಟು ಬಂತು. ಮನೆಯಲ್ಲಿ ಇವರು ಮಾತ್ರ, “ಒಳ್ಳೆಯದಾಯ್ತು, ಹಾಗೇ ಮಾತಾಡು. ಅವರಿಗೆ ನಂಬಿಕೆ ಬರಬೇಕು” ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಮಾತನ್ನು ಇವರು ಹೀಗೆ ಹೊಗಳಿದ್ದು ನೆನಪಿಲ್ಲ.

27 ಆಗಸ್ಟ್, ಭಾನುವಾರ, ಚೌತಿ

ಆರ್.ಕೆ.ಪುರಂನಲ್ಲಿ ಕನ್ನಡದವರ ಗಣಪತಿ. ಊಟ ಬಡಿಸಲು ನಾನೂ ನಿಂತೆ. ಸರ್ಕಾರಿ ಕ್ವಾರ್ಟರ್ಸಿನ ಲೀಲಮ್ಮ ಗುರುತು ಹಿಡಿದು, “ಪೀತಮ್‌ಪುರದ ಜಯಾನಂದ ಅವರ ಮನೆಯವರಲ್ವಾ?” ಎಂದು ಮಾತಿಗೆ ಬಂದರು. ಮುನ್ನೂರು ಜನರ ಅಡುಗೆಯನ್ನು ಅವರು, ಗಿರಿಜಮ್ಮ, ವಾಸಂತಿ ಮೂವರೇ ಮಾಡಿದ್ದರು. ಟೆಂಡರ್ ಸಿಕ್ಕರೆ ನನಗೆ ಇಂಥ ಕೈಗಳೇ ಬೇಕು ಎಂದುಬಿಟ್ಟೆ. ಇವರನ್ನು ಕೇಳದೆ ಹೇಳಬಾರದಿತ್ತೇನೋ.

ಗಿರಿಜಮ್ಮನಿಗೆ ಗಂಡನಿಲ್ಲ. ಅಣ್ಣನ ಕ್ವಾರ್ಟರ್ಸಿನಲ್ಲಿದ್ದಾರೆ, ಅಣ್ಣ ಜನವರಿಯಲ್ಲಿ ನಿವೃತ್ತರಾದರೆ ಆ ಮನೆಯೂ ಇಲ್ಲ. ಅವರು ಸೌಟು ಕೆಳಗಿಟ್ಟು ಕೇಳಿದರು: “ನಿಜವಾಗ್ಲೂ ಕೆಲಸ ಇದೆಯಾ, ಇಲ್ಲಾ ಹಬ್ಬದ ದಿನ ಒಳ್ಳೇ ಮಾತು ಆಡ್ತಿದ್ದೀರಾ?”

ಸಿಕ್ಕರೆ ಖಂಡಿತ ಎಂದೆ.

ಮನೆಗೆ ಬಂದು ಅಳುಕುತ್ತಲೇ ಇವರಿಗೆ ಹೇಳಿದೆ. “ಒಳ್ಳೆ ಯೋಚನೆ, ಅವರ ಹೆಸರೂ ಸೇರಿಸುವ” ಎಂದರು. ಸಮಾಧಾನವಾಯಿತು.

19 ಸೆಪ್ಟೆಂಬರ್, ಮಂಗಳವಾರ

ಇವತ್ತು ರುಚಿ ನೋಡುವ ದಿನ. ಕೊನೆಗೆ ಉಳಿದವರು ಮೂರೇ ಸಂಸ್ಥೆ, ಅದರಲ್ಲಿ ನಾವೂ ಇದ್ದೆವು. ಎಂಬೆಸಿಯ ಅಡುಗೆಮನೆಯಲ್ಲೇ ಮಾಡಿ ಬಡಿಸಬೇಕು. ಲೀಲಮ್ಮ, ಗಿರಿಜಮ್ಮ, ವಾಸಂತಿ ಬೆಳಿಗ್ಗೆಯೇ ಗೇಟಿನ ಬಳಿ ಕಾಯುತ್ತಿದ್ದರು. ನೀರುದೋಸೆ, ಹುಳಿ, ಬೀನ್ಸ್ ಪಲ್ಯ, ಒಂದು ಮೀನಿನ ಗಸಿ, ನಿಂಬೆಹಣ್ಣಿನ ಚಿತ್ರಾನ್ನ. ಖಾರ ಕಡಿಮೆ ಮಾಡಿದೆ, ಆದರೆ ಸಪ್ಪೆ ಮಾಡಲಿಲ್ಲ. ಸಪ್ಪೆ ಬೇಕಿದ್ದರೆ ಅವರು ನಮ್ಮನ್ನೇಕೆ ಕರೆಯುತ್ತಾರೆ?

ಐದು ಜನ ಕೂತು ಉಂಡರು. ಒಬ್ಬ ಯುವಕ ಮಾತ್ರ ಒಂದೊಂದನ್ನೂ ಬೆರಳಿಟ್ಟು ತೋರಿಸಿ ಇದರಲ್ಲಿ ಗೋಡಂಬಿ ಇದೆಯೇ, ಶೇಂಗಾ ಇದೆಯೇ ಎಂದು ಕೇಳಿ ಕೇಳಿ ಬಾಯಿಗಿಟ್ಟ. ಅವು ಹೊಟ್ಟೆಗೆ ಹೋದರೆ ಅವನಿಗೆ ಗಂಟಲು ಕಟ್ಟಿ ಉಸಿರು ನಿಲ್ಲುತ್ತದಂತೆ. ಒಮ್ಮೆ ಆಸ್ಪತ್ರೆಯಲ್ಲಿ ಬದುಕಿ ಬಂದಿದ್ದಾನಂತೆ. ಆದ್ದರಿಂದ ಪ್ರತಿ ಪಾತ್ರೆಯ ಮುಂದೆ ಅದರಲ್ಲಿ ಏನೇನಿದೆ ಎಂದು ಚೀಟಿ ಇಡಬೇಕೆಂಬುದು ಇಲ್ಲಿಯ ನಿಯಮ. ಚಿತ್ರಾನ್ನಕ್ಕೆ ನಾನು ಶೇಂಗಾ ಹಾಕಿರಲಿಲ್ಲ, ಪುಣ್ಯ.

ಆಮೇಲೆ ಅಧಿಕಾರಿ ಕೇಳಿದರು, ದಿನವೂ ಅಡುಗೆ ಮಾಡುವವರು ಯಾರು?

“ನಾನು ಮತ್ತು ಈ ಮೂವರು” ಎಂದೆ.

ಕೆಲಸವನ್ನು ಬೇರೆಯವರಿಗೆ ವಹಿಸುವುದಿಲ್ಲ ತಾನೇ? ಇಲ್ಲ ಎಂದೆ. ಅಡುಗೆಮನೆ ಎಲ್ಲಿ? ಆರ್.ಕೆ.ಪುರಂ ಪಕ್ಕದ ಮುನಿರ್ಕಾದಲ್ಲಿ ಬಾಡಿಗೆಗೆ ನೋಡಿದ್ದೇವೆ ಎಂದೆ. ಹೇಳುತ್ತಾ ಹೇಳುತ್ತಾ ಹೆದರಿಕೆ ಹೋಯಿತು. ಎಲ್ಲ ಕಣ್ಣ ಮುಂದೆ ಇದ್ದುದನ್ನೇ ನೋಡಿ ಹೇಳಿದಂತಿತ್ತು.

12 ಅಕ್ಟೋಬರ್, ಗುರುವಾರ

ಸಿಕ್ಕಿತು!

ಚಡ್ಢಾ ಮೇಡಮ್ ನನಗೇ ಫೋನ್ ಮಾಡಿ ಹೇಳಿದರು. ಇವರು ಹೋಟೆಲಿನಿಂದ ಮಲ್ಲಿಗೆ, ಜಿಲೇಬಿ ತಂದರು. ಕೆಲಸದವರೆಲ್ಲರ ಎದುರು, “ಇನ್ನು ಇವಳೇ ನಮಗೆಲ್ಲ ಧಣಿ” ಎಂದರು. ಎಲ್ಲರೂ ನಕ್ಕರು. ನವೆಂಬರ್ ಆರರಿಂದ ಶುರು.

ಗಿರಿಜಮ್ಮನಿಗೆ ಫೋನಿನಲ್ಲಿ ಹೇಳಿದಾಗ, ಯಾವತ್ತಿನಿಂದ ಬರಬೇಕು ಎಂದು ಎರಡೆರಡು ಸಲ ಕೇಳಿದರು. ಅಳುತ್ತಿದ್ದರೆಂದು ಕಾಣುತ್ತದೆ.

24 ಅಕ್ಟೋಬರ್, ಮಂಗಳವಾರ

ದೀಪಾವಳಿ ಮುಗಿಯಿತು. ಮುನಿರ್ಕಾದ ಅಡುಗೆಮನೆಯನ್ನು ಇವತ್ತು ನಾಲ್ವರೂ ಸೇರಿ ತೊಳೆದೆವು. ಗೋಡೆಯ ಮಸಿ ಉಜ್ಜಿ ಉಜ್ಜಿ ವಾಸಂತಿಯ ಬೆರಳು ಸುಲಿದವು. ಕಿಟಕಿಗೆ ಬಲೆ ಹೊಡೆಸಿದೆ. ದೊಡ್ಡ ಒಲೆಗಳು ಇನ್ನೂ ಬಂದಿಲ್ಲ. ನಾಳೆ ಬರುತ್ತವೆ ಎಂದಿದ್ದಾನೆ ದೀಕ್ಷಿತ್.

ಪೀತಮ್‌ಪುರದಲ್ಲಿ ನಮ್ಮ ಎದುರಿನ ಬಟ್ಟೆ ಅಂಗಡಿಗೆ ಸೀಲ್ ಬಿತ್ತು. ಇವರಿಗೆ ಊಟ ಸೇರಲಿಲ್ಲ.

3 ನವೆಂಬರ್, ಶುಕ್ರವಾರ

ಒಲೆ ಬಂದಿಲ್ಲ. ಕೇಳಿದರೆ ದೀಕ್ಷಿತ್ ಬೇರೆ ಮಾತು ತೆಗೆಯುತ್ತಾನೆ. ಇವರನ್ನು ಕೇಳಿದೆ. “ನನ್ನ ಮೇಲೆ ಭರವಸೆ ಉಂಟಲ್ಲ ನಿನಗೆ?” ಎಂದರು.

ಉಂಟು ಎಂದೆ. ಸೋಮವಾರಕ್ಕೆ ತರಕಾರಿ ಹೇಳಬೇಕು. ನನಗೆ ಒಲೆ ಬೇಕು.

6 ನವೆಂಬರ್, ಸೋಮವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಿನ್ನೆ ಸಂಜೆ ಇವರು ಹೇಳಿದರು, ಎಂಬೆಸಿಯವರು ಒಂದು ವಾರ ಮುಂದೆ ಹಾಕಿದ್ದಾರೆ, ಅಷ್ಟರಲ್ಲಿ ಒಲೆ ಬರುತ್ತದೆ ಎಂದು. ಮೂವರಿಗೂ ಫೋನ್ ಮಾಡಿ ಬರಬೇಡಿ ಎಂದೆ. ಇವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಚಡ್ಢಾ ಮೇಡಮ್ ಫೋನ್. ನಿಮ್ಮ ಗೇಟ್ ಪಾಸ್ ತಯಾರಿದೆ, ನಿಮ್ಮ ಜನ ಆಗಲೇ ಬಂದಿದ್ದಾರೆ, ನೀವೇ ಬಂದಿಲ್ಲವಲ್ಲ ಎಂದರು.

ನನ್ನ ಜನ ಯಾರು?

ಇವರ ಫೋನ್ ಬಂದ್ ಆಗಿತ್ತು. ಮೆಟ್ರೋ ಹತ್ತಿದೆ. ಕಶ್ಮೀರಿ ಗೇಟಿನಲ್ಲಿ ಬದಲಿಸಿ ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದು ಆಟೋ ಹಿಡಿದೆ. ಒಬ್ಬಳೇ ಅಷ್ಟು ದೂರ ಹೋದದ್ದು ಇದೇ ಮೊದಲು. ಅದು ಹೊಳೆದದ್ದು ಈಗ ಬರೆಯುವಾಗ.

ಕ್ಯಾಂಟೀನಿನ ಹಿಂಬಾಗಿಲಿನಲ್ಲಿ ಒಂದು ದೊಡ್ಡ ವ್ಯಾನು ನಿಂತಿತ್ತು. ಬಿಳಿ ಟೋಪಿಯ ಗಂಡಸರು ಸ್ಟೀಲಿನ ಪಾತ್ರೆಗಳನ್ನು ಇಳಿಸುತ್ತಿದ್ದರು. ಒಬ್ಬನ ಮುಖವೂ ನನಗೆ ಗೊತ್ತಿಲ್ಲ. ಒಳಗೆ ಗೋಡೆಯ ಮೇಲೆ ಹೊಸ ಬೋರ್ಡು, ‘ಚಂಪಾ ಕೇಟರರ್ಸ್’.

ಮೇಸ್ತ್ರಿಯಂತಿದ್ದವನನ್ನು ಕೇಳಿದೆ. ಅವನು ಮರ್ಯಾದೆಯಿಂದಲೇ ಹೇಳಿದ: ನಾವು ಗುಡಗಾಂವಿನ ಕೇಟರಿಂಗ್ ಕಂಪೆನಿಯವರು, ಜಯಾನಂದ್‌ಜೀ ಜೊತೆ ಎಲ್ಲ ಮಾತಾಗಿದೆ, ದಿನವೂ ಅಲ್ಲಿಂದಲೇ ಊಟ ಬರುತ್ತದೆ. “ಆಪ್ ಆರಾಮ್ ಸೇ ಘರ್ ಬೈಠಿಯೇ ಮೇಡಮ್.”

ಮನೆಯಲ್ಲಿ ಆರಾಮಾಗಿ ಕೂತಿರಿ. ಬಹುಶಃ ಕೂರುತ್ತಿದ್ದೆ. ಅಲ್ಲಿ ನಿಂತಾಗ ನನಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಸದ್ದಿಲ್ಲದೆ ತಿರುಗಿ ಹೋಗೋಣ ಎನಿಸಿತ್ತು. ಆದರೆ ಅಭ್ಯಾಸಬಲದಿಂದ ಒಂದು ಪಾತ್ರೆಯ ಮುಚ್ಚಳ ತೆಗೆದು, ಪನೀರಿನ ಗ್ರೇವಿಯನ್ನು ಚಮಚದಲ್ಲಿ ಅಂಗೈಗೆ ಹಾಕಿ ನಾಲಿಗೆಗೆ ಮುಟ್ಟಿಸಿದೆ. ಗೋಡಂಬಿ ಅರೆದು ಹಾಕಿದ್ದರು. ಮುಂದಿಟ್ಟ ಚೀಟಿಯಲ್ಲಿ ಗೋಡಂಬಿ, ಶೇಂಗಾ ಏನೂ ಇಲ್ಲವೆಂದು ಬರೆದಿತ್ತು. ಮೇಸ್ತ್ರಿಗೆ ತೋರಿಸಿದೆ. ಗ್ರೇವಿ ಗಟ್ಟಿಯಾಗಲು ಸ್ವಲ್ಪ ಹಾಕುತ್ತಾರೆ, ಚೀಟಿ ಯಾರೂ ಓದುವುದಿಲ್ಲ ಎಂದ.

ಓದುವವನು ಒಬ್ಬನಿದ್ದ. ಬಾಗಿಲಲ್ಲಿ ಆಗಲೇ ಜನ ತಟ್ಟೆ ಹಿಡಿದು ನಿಲ್ಲಲು ಶುರುಮಾಡಿದ್ದರು. ಪಾತ್ರೆ ಮುಚ್ಚಿ, ಯಾರಿಗೂ ಬಡಿಸಬೇಡಿ ಎಂದು ಹೇಳಿ, ಮೆಟ್ಟಿಲು ಹತ್ತಿ ಅಧಿಕಾರಿಯ ಕೋಣೆಗೆ ಹೋದೆ. ಚಡ್ಢಾ ಮೇಡಮ್ ಅಲ್ಲೇ ಇದ್ದರು. ಗೋಡಂಬಿಯ ವಿಷಯ ಹೇಳಿದೆ. ಅಧಿಕಾರಿ ತಕ್ಷಣ ಫೋನ್ ಎತ್ತಿ ಊಟ ನಿಲ್ಲಿಸಿದರು. ಆಮೇಲೆ ನನ್ನನ್ನು ಕೂರಿಸಿ ಕೇಳಿದರು.

“ಈ ಅಡುಗೆ ಯಾರದು?”

“ನನ್ನದಲ್ಲ.”

“ಹೊರಗೆ ಬೋರ್ಡಿನಲ್ಲಿ ನಿಮ್ಮ ಹೆಸರಿದೆ.”

“ಹೌದು, ಹೆಸರು ನನ್ನದೇ.”

ನಿಮಗೆ ಇದು ಗೊತ್ತಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಚಡ್ಢಾ ಮೇಡಮ್ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ಮುಖ ನೋಡಲಿಲ್ಲ.

7 ನವೆಂಬರ್, ಮಂಗಳವಾರ

ನಿನ್ನೆ ಸಂಜೆಯಿಂದ ಇವರು ಒಂದೇ ಮಾತು ಹೇಳುತ್ತಿದ್ದರು: ನನಗೊಂದು ಫೋನ್ ಮಾಡಿ ಆಮೇಲೆ ಬಾಯಿ ಬಿಡಬಾರದಿತ್ತಾ? ಮಾಡಿದ್ದೆ, ಬಂದ್ ಆಗಿತ್ತು ಎಂದು ನಾನೂ ಅಷ್ಟೇ ಸಲ ಹೇಳಿದೆ.

ಇವತ್ತು ಬೆಳಿಗ್ಗೆ ದೀಕ್ಷಿತ್ ಬಂದಾಗ ಇಬ್ಬರನ್ನೂ ಕೂರಿಸಿ ಕೇಳಿದೆ, ಗುಡಗಾಂವಿನವರ ಜೊತೆ ಮಾತಾದದ್ದು ಯಾವಾಗ? ಒಲೆ ಸಿಗಲಿಲ್ಲವೆಂದು ಕೊನೆಗಳಿಗೆಯಲ್ಲಿ ಮಾಡಿಕೊಂಡದ್ದಿರಬಹುದು ಎಂಬ ಆಸೆ ನನಗೆ. ಹಾಗೆಂದು ಹೇಳಿದ್ದರೆ ನಂಬಲು ಸಿದ್ಧಳಿದ್ದೆ.

ದೀಕ್ಷಿತ್ ಅಣ್ಣನ ಮುಖ ನೋಡಿದ. ಇವರು ಹೇಳಿದರು, ಆಗಸ್ಟಿನಲ್ಲೇ. ನನ್ನ ಸಹಿಗೂ ಮೊದಲು. ಹುಡುಕಿಕೊಂಡು ಬಂದವರು ಅವರೇ. ಹೆಂಗಸಿನ ಹೆಸರು ನಮ್ಮದು, ಅಡುಗೆ ಅವರದು, ಬಂದದ್ದರಲ್ಲಿ ನಮಗೊಂದು ಪಾಲು.

ಹಾಗಾದರೆ ಮುನಿರ್ಕಾದ ಅಡುಗೆಮನೆ? ಎಂಬೆಸಿಯವರು ನೋಡಲು ಬಂದರೆ ತೋರಿಸಲಿಕ್ಕೆ. ಆ ಮೂವರು? ಅವರ ಹೆಸರು ಅರ್ಜಿಗೆ ಒಳ್ಳೆಯದಾಯಿತು.

“ನನಗೆ ಮೊದಲೇ ಯಾಕೆ ಹೇಳಲಿಲ್ಲ?”

ಇವರು, ನನಗೆ ಬುದ್ಧಿ ಹೇಳುವವರಂತೆ, ಪ್ರೀತಿಯಿಂದಲೇ ಎನ್ನಬೇಕು, ಹೇಳಿದರು: “ನಿನಗೆ ಸುಳ್ಳು ಹೇಳ್ಲಿಕ್ಕೆ ಬರೋದಿಲ್ಲ ಚಂಪಾ. ಗೊತ್ತಿದ್ದಿದ್ರೆ ಅಲ್ಲಿ ನೀನು ಅಷ್ಟು ಚೆನ್ನಾಗಿ ಹೇಳ್ತಿರಲಿಲ್ಲ.”

8 ನವೆಂಬರ್

ಅಡುಗೆ ಮಾಡಿದೆ. ಬಟ್ಟೆ ಒಗೆದೆ.

10 ನವೆಂಬರ್, ಶುಕ್ರವಾರ

ಆರ್.ಕೆ.ಪುರಂಗೆ ಹೋಗಿ ಬಂದೆ. ಫೋನಿನಲ್ಲಿ ಹೇಳುವ ವಿಷಯವಲ್ಲ.

ಲೀಲಮ್ಮ ಕಾಫಿ ಕೊಟ್ಟು, ಹೋಗಲಿ ಬಿಡಿ ಎಂದರು. ವಾಸಂತಿ ಮನೆಯಲ್ಲಿರಲಿಲ್ಲ. ಗಿರಿಜಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದರು. ನನಗೂ ಗೊತ್ತಿರಲಿಲ್ಲ ಎಂದೆ.

“ಇರಬಹುದು” ಎಂದರು. “ಆದರೆ ನಮ್ಮ ಹತ್ರ ಬಂದು ಹೇಳಿದ್ದು ನೀವು. ನಿಮ್ಮ ಯಜಮಾನರನ್ನ ನಾನು ಕಂಡೂ ಇಲ್ಲ.”

ಬಾಗಿಲು ಹಾಕಿಕೊಂಡರು. ತಿರುಗಿ ಬರುವಾಗ ಮೆಟ್ರೋದಲ್ಲಿ ಅದನ್ನೇ ಯೋಚಿಸಿದೆ. ಆ ಸುಳ್ಳು ಅದೆಲ್ಲೋ ಹುಟ್ಟಿದ್ದಾದರೂ ಅವರ ಕಿವಿಗೆ ಬಿದ್ದದ್ದು ನನ್ನ ದನಿಯಲ್ಲಿ. ನಾನು ಎಷ್ಟು ಮನಸ್ಸಿಟ್ಟು ಹೇಳಿದ್ದೆನೋ ಅಷ್ಟೂ ಅವರಿಗೆ ಮೋಸ.

22 ನವೆಂಬರ್, ಬುಧವಾರ

ಎಂಬೆಸಿಯಲ್ಲಿ ವಿಚಾರಣೆ. ಜಯಾನಂದ, ದೀಕ್ಷಿತ್ ಇಬ್ಬರೂ ಬರುತ್ತೇವೆ ಎಂದರು, ಬೇಡವೆಂದೆ. ಹೇಗೂ ಗೇಟಿನಲ್ಲಿ ನಿಲ್ಲಿಸುತ್ತಿದ್ದರು.

ಗುತ್ತಿಗೆ ರದ್ದಾಯಿತು. ಒಪ್ಪಿಗೆಯಿಲ್ಲದೆ ಕೆಲಸವನ್ನು ಬೇರೆಯವರಿಗೆ ವಹಿಸಿದ್ದಕ್ಕೆ ಚಂಪಾ ಕೇಟರರ್ಸ್ ಮತ್ತು ಅದರ ಒಡತಿ ಇನ್ನು ಮೂರು ವರ್ಷ ಆ ಸರ್ಕಾರದ ಯಾವ ಟೆಂಡರಿಗೂ ಅರ್ಜಿ ಹಾಕುವಂತಿಲ್ಲ. ಗುಡಗಾಂವಿನವರಿಗೆ ಏನೂ ಇಲ್ಲ. ಜಯಾನಂದರಿಗೆ ಏನೂ ಇಲ್ಲ. ಅವರ ಹೆಸರು ಎಲ್ಲಿಯೂ ಇಲ್ಲವಲ್ಲ.

ಎದ್ದು ಬರುವಾಗ ಅಧಿಕಾರಿ ಬಾಗಿಲವರೆಗೆ ಬಂದರು. “ನಾನು ನಿಮ್ಮನ್ನು ನಂಬುತ್ತೇನೆ” ಎಂದರು, “ಆದರೆ ಸಹಿ ನಿಮ್ಮದು.” ಈ ಸಲ ಚಡ್ಢಾ ಮೇಡಮ್ ಹಿಂದಿಯಲ್ಲಿ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು. ಆ ಯುವಕ ಹೇಗಿದ್ದಾನೆ ಎಂದು ಕೇಳಿದೆ. ಅವತ್ತು ಅವನು ಸಾಲಿನಲ್ಲಿ ಎರಡನೆಯವನಾಗಿ ನಿಂತಿದ್ದನಂತೆ.

29 ನವೆಂಬರ್, ಬುಧವಾರ

ಹೋಟೆಲಿಗೆ ಸೀಲ್ ಬಿತ್ತು. ಇಡ್ಲಿ ಹಬೆಯಲ್ಲಿರುವಾಗಲೇ ಬಂದರು. ಗಿರಾಕಿಗಳು ಕೈತೊಳೆಯುವಷ್ಟು ಪುರುಸೊತ್ತು ಕೊಟ್ಟರು, ಅಷ್ಟೇ.

ಜಯಾನಂದ ಫುಟ್‌ಪಾತಿನ ಮೇಲೆ ಒಂದು ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಪಾಪವೆನಿಸಿತು. ನಿಜಕ್ಕೂ ಪಾಪವೆನಿಸಿತು. ಭುಜದ ಮೇಲೆ ಕೈಯಿಟ್ಟೆ. “ಎಂಬೆಸಿ ಇದ್ದಿದ್ರೆ ಈಗ ಒಂದು ದಾರಿ ಇರ್ತಿತ್ತು” ಎಂದ, ನನ್ನ ಕಡೆ ನೋಡದೆ.

ಕೈ ತೆಗೆದೆ.

11 ಡಿಸೆಂಬರ್, ಸೋಮವಾರ

ಮೋನಿಷಾ ಅನ್ನ ಕಲಸುತ್ತಾ, ಗುರುವಾರ ಚಾಣಕ್ಯಪುರಿಗೆ ಹೋಗಬೇಕು, ಯಾವ ಡ್ರೆಸ್ ಹಾಕಿಕೊಳ್ಳಲಿ ಎಂದು ಕೇಳಿದಳು. ಯಾಕೆ ಎಂದೆ. ನಾಲಿಗೆ ಕಚ್ಚಿಕೊಂಡಳು. ಬಿಡದೆ ಕೇಳಿದಾಗ ಹೇಳಿದಳು. ಬೇರೊಂದು ದೇಶದ ಎಂಬೆಸಿ, ಮತ್ತೆ ಕ್ಯಾಂಟೀನ್, ಅಲ್ಲೂ ಹೆಂಗಸರಿಗೆ ಅಂಕ ಹೆಚ್ಚು. ‘ಮೋನಿಷಾ ಫುಡ್ಸ್’. ಹತ್ತೊಂಬತ್ತು ತುಂಬಿದೆಯಲ್ಲ, ಸಹಿ ನಡೆಯುತ್ತದೆ.

“ಸೈನ್ ತೋ ಹೋ ಗಯಾ ಮಮ್ಮಿ. ಪಾಪಾ ನಿನಗೆ ಹೇಳ್ಬೇಡ ಅಂದ್ರು, ಆಲ್‌ರೆಡಿ ಟೆನ್ಷನ್‌ನಲ್ಲಿ ಇದ್ದಾಳೆ ಅಂತ.”

ತಟ್ಟೆ ಸರಿಸಿದೆ. ನನಗೆ ಮಾಡಿದ್ದಕ್ಕೆ ಇಷ್ಟು ದಿನ ಏನೇನೋ ಸಮಾಧಾನ ಹುಡುಕಿಕೊಂಡಿದ್ದೆ: ಹೋಟೆಲಿನ ಚಿಂತೆ, ದೀಕ್ಷಿತ್‌ನ ಮಾತು. ಇದಕ್ಕೆ ಹುಡುಕಲು ಹೋಗುವುದಿಲ್ಲ.

14 ಡಿಸೆಂಬರ್, ಗುರುವಾರ

ಜಯಾನಂದ ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದ. ಮೋನಿಷಾಳನ್ನು ನಾನೇ ಮೆಟ್ರೋದಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ನನ್ನ ಮುಖ ನೋಡಿ ಕೀಲಿಯನ್ನು ಮೊಳೆಗೆ ಸಿಕ್ಕಿಸಿದ.

ಪೀತಮ್‌ಪುರದಿಂದ ಕಶ್ಮೀರಿ ಗೇಟಿನವರೆಗೆ ಕೂರಲು ಜಾಗ ಸಿಗಲಿಲ್ಲ. ಕಂಬ ಹಿಡಿದು ನಿಂತು ಎಲ್ಲವನ್ನೂ ಹೇಳಿದೆ. ಅವಳಿಗೆ ಗೊತ್ತಿದ್ದದ್ದು, ಕ್ಯಾಂಟೀನ್ ಗುತ್ತಿಗೆ ಏನೋ ತೊಂದರೆಯಾಗಿ ತಪ್ಪಿತು ಎನ್ನುವುದಷ್ಟೇ. ಗುಡಗಾಂವಿನವರು, ಬಾರದ ಒಲೆ, ಗೋಡಂಬಿ, ಗಿರಿಜಮ್ಮ, ಮೂರು ವರ್ಷದ ನಿಷೇಧ, ಒಂದನ್ನೂ ಬಿಡಲಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಅವಳಪ್ಪ ಹೇಳಿದ ಆ ಮಾತನ್ನೂ ಹೇಳಿದೆ. ಹೇಳಬಾರದೆಂದು ಮನೆ ಬಿಡುವಾಗ ಅಂದುಕೊಂಡಿದ್ದೆ.

“ಪಾಪಾ ನೇ ಐಸಾ ಬೋಲಾ?” ಎಂದಳು. ಹೌದು, ಹಾಗೆಯೇ ಹೇಳಿದ್ದು ಎಂದೆ. ಆಮೇಲೆ ಇಳಿಯುವವರೆಗೆ ಕಿಟಕಿಯ ಕಡೆ ತಿರುಗಿದ್ದಳು.

ಒಳಗೆ ಹೋಗಬೇಡ ಎಂದು ನಾನು ಹೇಳಲಿಲ್ಲ. ಸಹಿ ಅವಳದು. ಗೇಟಿನಲ್ಲಿ ಅವಳೊಬ್ಬಳನ್ನೇ ಬಿಟ್ಟರು. ನಾನು ಎದುರಿನ ಬೇವಿನ ಮರದ ಕೆಳಗೆ ನಿಂತೆ. ಅಲ್ಲಿ ನಿಂತು ನನಗೆ ಹೆದರಿಕೆಯಾದದ್ದು ಒಂದಕ್ಕೇ: ಇವಳೂ ನನ್ನ ಹಾಗೆಯೇ ಒಳಗೆ ಕೂತು ಚೆನ್ನಾಗಿ ಮಾತಾಡಿ, ಎಲ್ಲರಿಂದ ಮೆಚ್ಚುಗೆ ಪಡೆದು, ನಗುತ್ತಾ ಹೊರಗೆ ಬಂದರೆ?

ಬೇಗನೆ ಬಂದಳು. ನಗುತ್ತಿರಲಿಲ್ಲ, ಅತ್ತಿದ್ದಳು. “ನನ್ನ ಹೆಸರು ತೆಗೀರಿ ಅಂತ ಹೇಳ್ದೆ ಮಮ್ಮಿ. ಬರೆದೂ ಕೊಟ್ಟೆ” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ಪಾಪಾಗೆ ನೀನೇ ಹೇಳು. ಮುಝ್‌ಸೇ ನಹೀ ಹೋಗಾ, ನನ್ನ ಕೈಲಾಗಲ್ಲ” ಎಂದಳು.

ಸಂಜೆ ನಾನೇ ಹೇಳಿದೆ. ದೀಕ್ಷಿತ್ ಕೂಗಾಡಿ ಹೊರಗೆ ಹೋದ. ಜಯಾನಂದ ಕೂಗಲಿಲ್ಲ.

“ಮಗಳನ್ನೂ ನನ್ನಿಂದ ಕಿತ್ತುಕೊಂಡೆ” ಎಂದ.

ನಡೆದದ್ದನ್ನು ಹೇಳಿದೆ ಅಷ್ಟೇ ಎಂದೆ.

ಊಟಕ್ಕೆ ಬರಲಿಲ್ಲ. ನಾನೂ ಮೋನಿಷಾಳೂ ಉಂಡೆವು. ತಟ್ಟೆ ಎತ್ತುವಾಗ ಫೋನ್ ಬಂತು, ಗಿರಿಜಮ್ಮ. ಕ್ಷೇಮ ಕೇಳಲಿಲ್ಲ. ಆರ್.ಕೆ.ಪುರಂನಲ್ಲಿ ಭಾನುವಾರ ಒಂದು ಸೀಮಂತ, ಐವತ್ತು ಎಲೆ, ಮುನಿರ್ಕಾದ ಅಡುಗೆಮನೆ ಇನ್ನೂ ನಿಮ್ಮ ಕೈಯಲ್ಲಿದೆಯಾ ಎಂದರು. ಈ ತಿಂಗಳ ಕೊನೆಯವರೆಗೆ ಇದೆ, ಆದರೆ ಒಲೆ ಇಲ್ಲ ಎಂದೆ. ಒಲೆ ತಾವು ತರುವುದಾಗಿ ಹೇಳಿದರು.

“ಒಂದು ಮಾತು. ಜನರ ಹತ್ರ ಮಾತಾಡೋದು ನಾನು. ನೀವು ಅಡುಗೆ ಮಾಡಿ ಸಾಕು. ಯಾರಿಗೂ ಏನೂ ಒಪ್ಪಿಕೊಳ್ಳೋ ಹಾಗಿಲ್ಲ ನೀವು.”

ಮೋನಿಷಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಆಗಲಿ, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದೆ.